ಹಿಂದಿನ ಸಭೆಯ ನಿಮಿಷಗಳು

ಭಾಷಾಂತರದ ಕೆಲಸಕ್ಕೆ ಸೇರಿದ ಎರಡನೆಯ ವರ್ಷದಲ್ಲಿ ನಾನು ಓದಿ, ಸರಿಯಿದೆ ಎಂದು ಸಹಿ ಹಾಕಿ ಕಳಿಸಿದ ಒಂದು ಸಭಾ ನೋಟಿಸಿನಲ್ಲಿ, ಕಾರ್ಯಸೂಚಿಯ ಎರಡನೆಯ ಅಂಶವಾಗಿ, 'ಹಿಂದಿನ ವಾರ್ಷಿಕ ಮಹಾಸಭೆಯ ನಿಮಿಷಗಳನ್ನು ಓದಿ ದೃಢೀಕರಿಸುವುದು' ಎಂದು ಅಚ್ಚಾಗಿತ್ತು. ಸಹಕಾರ ಸಂಘವೊಂದರ ಸದಸ್ಯರಿಗೆಲ್ಲ ಅಂಚೆಯಲ್ಲಿ ಹೋದ ಪತ್ರ ಅದು. ಹತ್ತು ದಿನ ಕಳೆದ ಮೇಲೆ ಅದರ ಒಂದು ಪ್ರತಿ ಸಂಘದಿಂದ ನಮ್ಮ ಕಚೇರಿಗೂ, ಕಚೇರಿಯಿಂದ ನನ್ನ ಮೇಜಿಗೂ ಬಂತು. ಯಾರೋ ಹಿರಿಯ ಸದಸ್ಯರು ಆ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಕ್ಕದ ಅಂಚಿನಲ್ಲಿ ದುಂಡನೆಯ ಅಕ್ಷರಗಳಲ್ಲಿ, 'ಒಟ್ಟು ಎಷ್ಟು ನಿಮಿಷ? ದೃಢೀಕರಿಸುವ ಮೊದಲು ಲೆಕ್ಕ ಕೊಡಿ' ಎಂದು ಬರೆದು ಹಿಂದಿರುಗಿಸಿದ್ದರು.

ತಪ್ಪು ಹೇಗಾಯಿತು ಎಂಬುದನ್ನು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಾವು ಬಳಸುವ ತಂತ್ರಾಂಶದಲ್ಲಿ ಒಂದು ಪದಪಟ್ಟಿ ಇರುತ್ತದೆ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಪದ. ಅದಕ್ಕೆ ಹಿಂದಿನ ತಿಂಗಳು ಒಂದು ವಿಜ್ಞಾನ ಪಾಠದ ಕೆಲಸ ಮಾಡುವಾಗ ಯಾರೋ ಎಡಗಡೆ 'ಮಿನಿಟ್' ಎಂದೂ ಬಲಗಡೆ 'ನಿಮಿಷ' ಎಂದೂ ಸೇರಿಸಿದ್ದರು. ಆ ಪದ ಮತ್ತೆ ಎಲ್ಲಿ ಬಂದರೂ ತಂತ್ರಾಂಶ ಅದೇ ಉತ್ತರವನ್ನು ಮುಂದೆ ತಂದು ನಿಲ್ಲಿಸುತ್ತಿತ್ತು, ಮತ್ತು ನಾನು ಸಂಜೆ ಆರು ಗಂಟೆಯ ಅವಸರದಲ್ಲಿ ಅದನ್ನು ಒಪ್ಪಿಕೊಂಡಿದ್ದೆ. ಸಭೆಯ ಮಿನಿಟ್ಸ್ ಎಂದರೆ ನಡವಳಿ ಎಂಬುದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಊರಿನ ಹಾಲಿನ ಡೇರಿಯ ನಡವಳಿ ಪುಸ್ತಕವನ್ನು ಮನೆಯ ಕಪಾಟಿನಲ್ಲಿ ನೋಡುತ್ತಲೇ ಬೆಳೆದವಳು ನಾನು. ಸಾಲು ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ಬಿದ್ದಿರಲಿಲ್ಲ.

ನಮ್ಮಲ್ಲಿ ಆಗ ಕೊನೆಯ ಓದಿಗೆಂದು ಒಬ್ಬ ಹಿರಿಯರಿದ್ದರು. ಸರ್ವೆ ಕೆಲಸದಿಂದ ನಿವೃತ್ತರಾಗಿ, ಬೇಸರ ಕಳೆಯಲು ವಾರಕ್ಕೆ ಮೂರು ದಿನ ಬರುತ್ತಿದ್ದವರು. ಕೆಂಪು ಶಾಯಿಯ ಪ್ರತಿಯನ್ನು ಅವರಿಗೆ ತೋರಿಸಿ, "ಸಾರ್, ಕಾಲದ ಪದ ಅಂದುಕೊಂಡುಬಿಟ್ಟೆ" ಎಂದೆ. ಅವರು ಕನ್ನಡಕ ತೆಗೆದು ಒರೆಸುತ್ತ, "ಅದು ಕಾಲದ ಪದ ಅಂತ ನಿನಗೆ ಯಾರಮ್ಮ ಹೇಳಿದ್ದು? ಅದು ಚಿಕ್ಕದರ ಪದ" ಎಂದರು. ಅಂದು ನನಗೆ ಅದು ಒಗಟಿನಂತೆ ಕೇಳಿಸಿತು. ಆ ಒಂದು ಮಾತಿನ ಹಿಂದೆ ಹೋಗಿ ನಾನು ತಿಳಿದುಕೊಂಡದ್ದನ್ನು ಮತ್ತು ಅದು ನನ್ನ ಕೆಲಸದ ಕ್ರಮವನ್ನು ಬದಲಿಸಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಲ್ಯಾಟಿನ್ ಭಾಷೆಯಲ್ಲಿ 'ಮಿನುಎರೆ' ಎಂಬ ಧಾತುವಿಗೆ ಕಡಿಮೆ ಮಾಡು, ಕುಗ್ಗಿಸು ಎಂಬ ಅರ್ಥವಿದೆ; 'ಮಿನುತುಸ್' ಎಂದರೆ ಕುಗ್ಗಿಸಿದ್ದು, ಸಣ್ಣದು ಮಾಡಿದ್ದು. ಇದರಲ್ಲಿ ಕಾಲದ ಸುಳಿವೇ ಇಲ್ಲ. ಕಾಲ ಬಂದು ಸೇರಿದ್ದು ಆಕಾಶದ ದಾರಿಯಿಂದ. ಕ್ರಿಸ್ತಶಕ 2ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿದ್ದ ಖಗೋಳಜ್ಞ ಟಾಲೆಮಿಯು ಬ್ಯಾಬಿಲೋನಿಯದವರ ಅರವತ್ತರ ಲೆಕ್ಕವನ್ನು ತನ್ನ ಗಣಿತಕ್ಕೆ ತೆಗೆದುಕೊಂಡು, ವೃತ್ತದ 360 ಡಿಗ್ರಿಗಳಲ್ಲಿ ಒಂದೊಂದನ್ನೂ ಅರವತ್ತು ಪಾಲು ಮಾಡಿ, ಆ ಪಾಲನ್ನು ಮತ್ತೆ ಅರವತ್ತು ಪಾಲು ಮಾಡಿದ. ಹತ್ತನ್ನು ಬಿಟ್ಟು ಅರವತ್ತೇ ಏಕೆ ಎಂದರೆ, ಅದನ್ನು ಎರಡು, ಮೂರು, ನಾಲ್ಕು, ಐದು, ಆರರಿಂದಲೂ, ಮುಂದೆ ಹತ್ತು, ಹನ್ನೆರಡು, ಹದಿನೈದರಿಂದಲೂ ಶೇಷ ಉಳಿಯದಂತೆ ಭಾಗಿಸಬಹುದು. ಭಿನ್ನರಾಶಿಯನ್ನು ಕೈಯಲ್ಲೇ ಬಿಡಿಸಬೇಕಾಗಿದ್ದವರಿಗೆ ಇದಕ್ಕಿಂತ ಅನುಕೂಲವಾದ ಸಂಖ್ಯೆ ಸಿಗುವುದು ಕಷ್ಟ. ಮಧ್ಯಯುಗದ ಲ್ಯಾಟಿನ್ ವಿದ್ವಾಂಸರು ಈ ಪಾಲುಗಳನ್ನು ಹೆಸರಿಸುವಾಗ ಮೊದಲನೆಯದನ್ನು 'ಪಾರ್ಸ್ ಮಿನುತಾ ಪ್ರಿಮಾ', ಅಂದರೆ ಮೊದಲ ಸಣ್ಣ ಭಾಗ ಎಂದೂ, ಎರಡನೆಯದನ್ನು 'ಪಾರ್ಸ್ ಮಿನುತಾ ಸೆಕುಂದಾ', ಅಂದರೆ ಎರಡನೆಯ ಸಣ್ಣ ಭಾಗ ಎಂದೂ ಕರೆದರು. ಇಷ್ಟುದ್ದದ ಹೆಸರನ್ನು ದಿನವೂ ಹೇಳುವ ಬಾಯಿ ಯಾವುದು? ಮೊದಲನೆಯದರಲ್ಲಿ 'ಮಿನುತಾ' ಮಾತ್ರ ಉಳಿಯಿತು, ಎರಡನೆಯದರಲ್ಲಿ 'ಸೆಕುಂದಾ' ಮಾತ್ರ ಉಳಿಯಿತು. ನಾವು ಗಡಿಯಾರದಲ್ಲಿ ಎಣಿಸುವ ಸೆಕೆಂಡಿಗೆ 'ಎರಡನೆಯದು' ಎಂಬುದಕ್ಕಿಂತ ಬೇರೆ ಅರ್ಥವಿಲ್ಲ ಎಂಬುದನ್ನು ತಿಳಿದ ದಿನ ನಾನು ಮನೆಯವರಿಗೆಲ್ಲ ಅದನ್ನು ಹೇಳಿ ಸುಸ್ತು ಮಾಡಿದ್ದೆ. 13ನೆಯ ಶತಮಾನದ ರೋಜರ್ ಬೇಕನ್ ಹುಣ್ಣಿಮೆಯ ಹೊತ್ತನ್ನು ಕೊಡುವಾಗ ಸೆಕೆಂಡಿಗೂ ಕೆಳಗಿಳಿದು ಮೂರನೆಯದು, ನಾಲ್ಕನೆಯದು ಎಂದು ಬರೆದಿದ್ದಾನೆ; ಆ ಪಾಲುಗಳು ಇಂಗ್ಲಿಷಿನ ದಿನಬಳಕೆಗೆ ಬರಲಿಲ್ಲ. ಅರಬ್ಬಿಯಲ್ಲಿಯೂ ಈ ಅಳತೆಗೆ 'ದಕೀಕಾ' ಎಂಬ ಪದವಿದೆ, ಮತ್ತು ಅದರ ಮೂಲದಲ್ಲಿರುವುದೂ ನಯವಾದದ್ದು, ಸಣ್ಣದು ಎಂಬ ಅರ್ಥವೇ. ಅದೇ ಧಾತುವಿನಿಂದ ಹುಟ್ಟಿದ 'ದಕೀಕ್' ಎಂದರೆ ಹಿಟ್ಟು. ನುಣ್ಣಗೆ ಬೀಸಿದ್ದು ಹಿಟ್ಟಾಯಿತು, ನುಣ್ಣಗೆ ಕತ್ತರಿಸಿದ್ದು ನಿಮಿಷವಾಯಿತು.

ಇಲ್ಲಿ ನನ್ನ ಕೆಲಸಕ್ಕೆ ಮುಖ್ಯವಾದದ್ದು ಈ ಕತ್ತರಿಸುವಿಕೆಯ ಕ್ರಮ. ಮೊದಲು ಕತ್ತರಿಸಿದ್ದು ಕೋನವನ್ನು. ಗಂಟೆಗೆ ಅದೇ ಕತ್ತರಿ ಬಿದ್ದದ್ದು ಆಮೇಲೆ. 1391ರಲ್ಲಿ ಇಂಗ್ಲಿಷ್ ಕವಿ ಚಾಸರ್ ನಕ್ಷತ್ರಗಳ ಎತ್ತರ ಅಳೆಯುವ ಉಪಕರಣವೊಂದನ್ನು ತನ್ನ ಹತ್ತು ವರ್ಷದ ಮಗನಿಗೆ ವಿವರಿಸುತ್ತ, ಒಂದು ಡಿಗ್ರಿಗೆ 60 ಮಿನಿಟ್, ಒಂದು ಮಿನಿಟಿಗೆ 60 ಸೆಕೆಂಡ್ ಎಂದು ಬರೆದಾಗ, ಅವನ ಕಣ್ಣ ಮುಂದೆ ಇದ್ದದ್ದು ವೃತ್ತದ ತುಂಡು. ಆ ಕಾಲದ ಗಡಿಯಾರಗಳು ಗಂಟೆಯನ್ನು ತಪ್ಪಿಲ್ಲದೆ ತೋರಿಸಿದರೇ ದೊಡ್ಡದು. 1656ರಲ್ಲಿ ಹೈಗೆನ್ಸ್ ಲೋಲಕದ ಗಡಿಯಾರವನ್ನು ರೂಪಿಸಿದ ಮೇಲೆಯೇ ನಿಮಿಷದ ಮುಳ್ಳು ನಂಬಿಕೆಗೆ ಅರ್ಹವಾಗಿ, ಸಾಮಾನ್ಯ ಗಡಿಯಾರಗಳಿಗೂ ಇಳಿಯಿತು.

ಹೀಗಿರುವಾಗ ನಮ್ಮ 'ನಿಮಿಷ'ವು ಇಂಗ್ಲಿಷ್ ಪದಕ್ಕೆ ಸರಿಜೋಡಿ ಎಂದು ನಾವು ಹೇಗೆ ತಿಳಿದೆವು? ನಿಮಿಷದ ಹುಟ್ಟು ಬೇರೆಯೇ ಕಡೆ ಇದೆ. ಸಂಸ್ಕೃತದಲ್ಲಿ ಅದು ಕಣ್ಣು ಮುಚ್ಚುವುದಕ್ಕೆ ಸಂಬಂಧಿಸಿದ ಪದ. ಒಂದು ಸಲ ಎವೆ ಬಡಿಯುವಷ್ಟು ಹೊತ್ತು ನಿಮಿಷ. ಎವೆಯಿಕ್ಕದ ದೇವತೆಗಳು ಅನಿಮಿಷರು. ಮೀನಿಗೂ ಅದೇ ಹೆಸರು. ಶ್ರೀರಂಗಪಟ್ಟಣದ ಬಳಿ ಗಂಜಾಂನಲ್ಲಿ, ಕಾವೇರಿಯ ದಡದ ಮೇಲಿರುವ ನಿಮಿಷಾಂಬೆಯ ಗುಡಿಗೆ ಹೋಗುವವರು ಆ ತಾಯಿ ನಿಮಿಷ ಮಾತ್ರದಲ್ಲಿ ಕಷ್ಟ ಕಳೆಯುತ್ತಾಳೆ ಎಂದು ನಂಬುವಾಗ, ಅರವತ್ತು ಸೆಕೆಂಡುಗಳನ್ನು ಎಣಿಸುತ್ತ ನಿಲ್ಲುವುದಿಲ್ಲ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎಂಬ ಹಳೆಯ ಅರ್ಥವನ್ನೇ ಹಿಡಿದಿರುತ್ತಾರೆ. ಮನುಸ್ಮೃತಿಯ ಲೆಕ್ಕದಂತೆ 18 ನಿಮಿಷಕ್ಕೆ ಒಂದು ಕಾಷ್ಠೆ, 30 ಕಾಷ್ಠೆಗೆ ಒಂದು ಕಲೆ, 30 ಕಲೆಗೆ ಒಂದು ಮುಹೂರ್ತ, 30 ಮುಹೂರ್ತಕ್ಕೆ ಒಂದು ಹಗಲಿರುಳು. ಗುಣಿಸಿ ನೋಡಿದರೆ ದಿನಕ್ಕೆ 4,86,000 ನಿಮಿಷಗಳಾಗುತ್ತವೆ. ಒಂದೊಂದು ನಿಮಿಷವೂ ಸೆಕೆಂಡಿನ ಐದನೆಯ ಒಂದು ಪಾಲಿಗಿಂತ ತುಸು ಕಡಿಮೆ. ಎವೆ ಬಡಿಯುವುದಕ್ಕೆ ಅಷ್ಟೇ ಹೊತ್ತು ಸಾಕು. ಇಂದಿನ ನಿಮಿಷದೊಳಗೆ ಆ ಹಳೆಯ ನಿಮಿಷಗಳು ಮುನ್ನೂರಕ್ಕೂ ಹೆಚ್ಚು ಹಿಡಿಸುತ್ತವೆ. ಇನ್ನೊಂದು ವಿನೋದವೂ ಇದೆ: ಅಮರಕೋಶದಲ್ಲಿ 12 ಕ್ಷಣಗಳಿಗೆ ಒಂದು ಮುಹೂರ್ತ ಎಂದಿದೆ, ಅಂದರೆ ಕ್ಷಣ ಎಂದರೆ ಇಂದಿನ ನಾಲ್ಕು ನಿಮಿಷ. ಶಾಸ್ತ್ರದಲ್ಲಿ ಕ್ಷಣ ದೊಡ್ಡದು, ನಿಮಿಷ ಚಿಕ್ಕದು. ನಮ್ಮ ಮಾತಿನಲ್ಲಿ ಅವೆರಡೂ ಸ್ಥಾನ ಬದಲಿಸಿಕೊಂಡಿವೆ, ಯಾರಿಗೂ ಅದರಿಂದ ತೊಂದರೆಯಾಗಿಲ್ಲ. ನಮ್ಮ ಹಿರಿಯರು ಹೊತ್ತನ್ನು ನಿಜವಾಗಿ ಅಳೆದದ್ದು 24 ನಿಮಿಷಗಳ ಗಳಿಗೆಯಲ್ಲಿ. ತಳದಲ್ಲಿ ಸಣ್ಣ ತೂತಿದ್ದ ಬಟ್ಟಲು ನೀರಿನಲ್ಲಿ ಮುಳುಗುವಷ್ಟು ಹೊತ್ತು ಅದು.

ಎರಡು ಪದಗಳನ್ನೂ ಹೀಗೆ ಅಕ್ಕಪಕ್ಕ ಇಟ್ಟಾಗ ನನ್ನ ತಪ್ಪಿನ ಸ್ವರೂಪ ನನಗೆ ಸ್ಪಷ್ಟವಾಯಿತು. ಇಂಗ್ಲಿಷ್ ಪದ ಹುಟ್ಟಿನಿಂದ ಸಣ್ಣದರ ಪದ. ಆದ್ದರಿಂದ ಸಣ್ಣದಾಗಿ ಕತ್ತರಿಸಿದ ಏನಕ್ಕಾದರೂ ಅದು ಸಲ್ಲುತ್ತದೆ, ಕಾಲಕ್ಕೂ ಕೋನಕ್ಕೂ ಕಾಗದಕ್ಕೂ. ನಿಮಿಷವಾದರೋ ಹುಟ್ಟಿನಿಂದ ಕಾಲದ ಪದ. ಕಾಲದ ಹೊರಗೆ ಕಾಲಿಟ್ಟರೆ ಅದಕ್ಕೆ ನೆಲೆಯಿಲ್ಲ. ಎರಡೂ ಗಡಿಯಾರದ ಮುಖದ ಮೇಲೆ ಮಾತ್ರ ಒಂದಾಗುತ್ತವೆ, ಮತ್ತು ನಮ್ಮ ಪದಪಟ್ಟಿಯ ಎಡಬಲಗಳು ಆ ಒಂದೇ ಜಾಗವನ್ನು ಇಡೀ ಸೀಮೆ ಎಂದು ಭಾವಿಸಿದ್ದವು.

ಕಾಗದದ ವಿಷಯಕ್ಕೆ ಬರುತ್ತೇನೆ. ಫ್ರಾನ್ಸಿನ ನೋಟರಿಗಳ ಕಚೇರಿಯಲ್ಲಿ ಇಂದಿಗೂ ಎರಡು ಬಗೆಯ ದಸ್ತಾವೇಜುಗಳಿವೆ. ತಾವೇ ಉಳಿಸಿಕೊಳ್ಳುವ ಮೂಲಪ್ರತಿಗೆ 'ಮಿನ್ಯುಟ್' ಎನ್ನುತ್ತಾರೆ, ಕಕ್ಷಿಗಾರನ ಕೈಗೆ ಕೊಡುವ ಜಾರಿಯ ಪ್ರತಿಗೆ 'ಗ್ರೋಸ್' ಎನ್ನುತ್ತಾರೆ. ಮೊದಲನೆಯದು ಸಣ್ಣ ಅಕ್ಷರದ ಬರಹ, ಎರಡನೆಯದು ದಪ್ಪ ಅಕ್ಷರದ ಬರಹ. ಹೆಸರುಗಳು ಬಂದದ್ದು ಅಕ್ಷರಗಳ ಗಾತ್ರದಿಂದ. ಸಭೆಯಲ್ಲಿ ಕುಳಿತವನು ಮಾತು ಓಡುತ್ತಿರುವಾಗಲೇ ಸಣ್ಣಕ್ಷರದಲ್ಲಿ ಗೀಚಿಕೊಂಡ ಟಿಪ್ಪಣಿಯೇ ಸಭೆಯ ಮಿನಿಟ್ಸ್ ಆಯಿತು ಎಂದು ಓದಿದಾಗ, ಅದರಲ್ಲಿ ಗಡಿಯಾರವನ್ನು ಹುಡುಕಿದ್ದಕ್ಕೆ ನನಗೇ ನಗು ಬಂತು. ನಮ್ಮ ದೇಶದ ಆಡಳಿತದಲ್ಲಿ ಈ ಅರ್ಥಕ್ಕೆ ಹಳೆಯ ಬೇರುಗಳಿವೆ: 1835ರ ಫೆಬ್ರವರಿ 2ರಂದು ಮೆಕಾಲೆ ಶಿಕ್ಷಣದ ಬಗ್ಗೆ ಬರೆದದ್ದನ್ನು ಇಂದಿಗೂ ಮೆಕಾಲೆಯ ಮಿನಿಟ್ ಎನ್ನುತ್ತೇವೆ, ಅಲ್ಲಿ ಆ ಪದಕ್ಕೆ ಅಭಿಪ್ರಾಯ ಟಿಪ್ಪಣಿ ಎಂದು ಅರ್ಥ. 2013ರ ಕಂಪನಿಗಳ ಕಾಯ್ದೆಯ 118ನೆಯ ಪ್ರಕರಣದಂತೆ ಸಭೆ ಮುಗಿದ 30 ದಿನಗಳೊಳಗೆ ಅದರ ಮಿನಿಟ್ಸ್ ಬರೆದು, ಪುಟಗಳಿಗೆ ಕ್ರಮಸಂಖ್ಯೆ ಹಾಕಿದ ಪುಸ್ತಕದಲ್ಲಿ ಇಡಬೇಕು. ಕನ್ನಡದಲ್ಲಿ ನಡೆದದ್ದು ನಡವಳಿಯಾಯಿತು. ಬರಹದ ಗಾತ್ರವನ್ನು ನಾವು ನೋಡಲಿಲ್ಲ, ಸಭೆ ನಡೆದ ರೀತಿಯನ್ನು ನೋಡಿದೆವು. ನನ್ನ ಮಟ್ಟಿಗೆ ನಮ್ಮ ಪದವೇ ಹೆಚ್ಚು ಚೆಂದ.

ಹೋಟೆಲಿನ ಮೆನು, ಲೆಕ್ಕದ ಮೈನಸ್, ವಿಧಾನಸೌಧದ ಮಿನಿಸ್ಟರ್ ಎಲ್ಲವೂ ಇದೇ ಮನೆತನಕ್ಕೆ ಸೇರಿದವು. ಮಿನಿಸ್ಟರ್ ಎಂದರೆ ಮೂಲದಲ್ಲಿ ಚಿಕ್ಕವನು, ಸೇವಕ ಎಂಬುದನ್ನು ಮಾತ್ರ ಕಚೇರಿಯಲ್ಲಿ ಯಾರಾದರೂ ಕೇಳಿದರಷ್ಟೇ ಹೇಳುತ್ತೇನೆ.

ಇಷ್ಟನ್ನು ತಿಳಿದುಕೊಂಡ ಮೇಲೂ ಅದೇ ಪದ ನನ್ನನ್ನು ಮತ್ತೊಮ್ಮೆ ಬೀಳಿಸಿತು, ಈ ಸಲ ಪದದ ರೂಪವಿಲ್ಲದೆ, ಬರೀ ಒಂದು ಗೀಟಿನ ರೂಪದಲ್ಲಿ. ಕಲ್ಲು ಗಣಿಯೊಂದರ ಪರಿಸರ ವರದಿಯ ಸಾರಾಂಶ ಕನ್ನಡಕ್ಕೆ ಬರಬೇಕಿತ್ತು. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಇಂಥ ಯೋಜನೆಗಳ ಸಾರ್ವಜನಿಕ ಆಲಿಕೆಗೆ ಮೊದಲು ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿಯೂ ಕೊಡಬೇಕು. ಅಕ್ಕಪಕ್ಕದ ಊರಿನವರು ತಮ್ಮ ಹೊಲಕ್ಕೂ ಗಣಿಗೂ ಎಷ್ಟು ದೂರ ಎಂದು ನೋಡುವುದು ಅದರಲ್ಲಿಯೇ. ಗಣಿಯ ಗಡಿಯ ಮೂಲೆಗಳ ಅಕ್ಷಾಂಶ ರೇಖಾಂಶಗಳನ್ನು ಒಂದು ಕೋಷ್ಟಕದಲ್ಲಿ ಕೊಟ್ಟಿದ್ದರು, 13° 04′ 47″ ಎಂಬ ಮಾದರಿಯಲ್ಲಿ. ಅನುವಾದ ಮಾಡಿದ ಹುಡುಗ ಅದಕ್ಕೆ ಮೊದಲು ತಿಂಗಳುಗಟ್ಟಲೆ ಮನೆ ನಕ್ಷೆಗಳ ಕೆಲಸ ಮಾಡಿದವನು. ಬೆಂಗಳೂರಿನಲ್ಲಿ ಮೂವತ್ತು ನಲವತ್ತರ ಸೈಟಿನ ನಕ್ಷೆಯ ಮೇಲೆ ಅಂಕಿಯ ಪಕ್ಕ ಒಂದು ಗೀಟಿದ್ದರೆ ಅಡಿ, ಎರಡು ಗೀಟಿದ್ದರೆ ಅಂಗುಲ. ಅವನ ಕೈಯೂ ತಂತ್ರಾಂಶದ ನೆನಪೂ ಒಟ್ಟಿಗೆ ಸೇರಿ, '13 ಡಿಗ್ರಿ 4 ಅಡಿ 47 ಅಂಗುಲ' ಎಂದು ಇಡೀ ಕೋಷ್ಟಕವನ್ನು ತುಂಬಿಬಿಟ್ಟಿದ್ದವು. ನಾನು ಅಂಕಿಗಳನ್ನು ಮಾತ್ರ ಮೂಲದೊಂದಿಗೆ ತಾಳೆ ನೋಡಿದೆ. ಅಂಕಿಗಳೆಲ್ಲ ಸರಿಯಾಗಿದ್ದವು, ಆದ್ದರಿಂದ ಸಹಿ ಹಾಕಿದೆ.

ಅದು ಅಚ್ಚಿಗೆ ಹೋಗದೆ ಉಳಿದದ್ದು ನಮ್ಮ ಸರ್ವೆಯ ಹಿರಿಯರ ಕೈಗೆ ಸಿಕ್ಕಿದ್ದರಿಂದ. ಅವರು ಹಾಳೆಯನ್ನು ನನ್ನ ಮುಂದಿಟ್ಟು, 47ರ ಮೇಲೆ ಬೆರಳಿಟ್ಟು, "ಹನ್ನೆರಡು ಅಂಗುಲಕ್ಕೆ ಒಂದು ಅಡಿ ಆಗಿಬಿಡಬೇಕಲ್ಲಮ್ಮ, ನಲವತ್ತೇಳು ಅಂಗುಲ ಹೇಗೆ ಉಳಿಯಿತು?" ಎಂದು ಕೇಳಿದರು. ಆ ಪ್ರಶ್ನೆಗೆ ಇಂಗ್ಲಿಷ್ ಬೇಡ, ಕನ್ನಡ ಬೇಡ, ಭೂಗೋಳವೂ ಬೇಡ. ಅಂಗುಲ ಹನ್ನೆರಡನ್ನು ದಾಟುವುದಿಲ್ಲ, ಸಣ್ಣ ಭಾಗ ಅರವತ್ತನ್ನು ದಾಟುವುದಿಲ್ಲ ಎಂಬ ಎಚ್ಚರ ಇದ್ದರೆ ಸಾಕು. ಒಂದು ಗೀಟು ಎಂದರೆ ಮೊದಲ ಸಣ್ಣ ಭಾಗ, ಎರಡು ಗೀಟು ಎಂದರೆ ಎರಡನೆಯ ಸಣ್ಣ ಭಾಗ ಎಂದು ಓದುವ ಅಭ್ಯಾಸವನ್ನು ಅವರು ಅಂದೇ ನನಗೆ ಮಾಡಿಸಿದರು. ನೆಲದ ಮೇಲೆ ಅದರ ಬೆಲೆ ಎಷ್ಟು ಎಂಬುದನ್ನೂ ಲೆಕ್ಕ ಹಾಕಿ ತೋರಿಸಿದರು: ಅಕ್ಷಾಂಶದ ಒಂದು ಮಿನಿಟ್ ಎಂದರೆ ಸುಮಾರು 1.85 ಕಿಲೋಮೀಟರ್, ಹಡಗಿನವರ ನಾಟಿಕಲ್ ಮೈಲಿ ಹುಟ್ಟಿದ್ದು ಈ ಅಳತೆಯಿಂದಲೇ. ಒಂದು ಸೆಕೆಂಡ್ ಎಂದರೆ ಸುಮಾರು 31 ಮೀಟರ್. ಕೋಷ್ಟಕದಲ್ಲಿ ಒಂದು ಗೀಟು ಹೆಚ್ಚು ಕಡಿಮೆಯಾದರೆ ಗಣಿ ಒಬ್ಬರ ಹೊಲದಿಂದ ಇನ್ನೊಬ್ಬರ ಊರಿಗೆ ಹೋಗಿ ಕೂರುತ್ತದೆ.

ತಿದ್ದುವಾಗ ಹೊಸ ಪ್ರಶ್ನೆ ಎದ್ದಿತು. ಅಡಿ ಅಂಗುಲ ತೆಗೆದ ಜಾಗದಲ್ಲಿ 'ನಿಮಿಷ' ಎಂದು ಬರೆಯಬಹುದೇ? ಬರೆಯುವವರು ಬಹಳ ಮಂದಿ ಇದ್ದಾರೆ, ಶಾಲೆಯ ಭೂಗೋಳದಲ್ಲಿಯೂ ಅದು ರೂಢಿಯಾಗಿದೆ. ಆದರೆ ಕೋನದ ನಿಮಿಷ ಮತ್ತು ಕಾಲದ ನಿಮಿಷ ಒಂದೇ ಪುಟದಲ್ಲಿ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಭಾರತೀಯ ಕಾಲಮಾನವೇ ಉದಾಹರಣೆ. ಭೂಮಿ ಒಂದು ಡಿಗ್ರಿ ತಿರುಗಲು ಕಾಲದ ನಾಲ್ಕು ನಿಮಿಷ ಹಿಡಿಯುತ್ತದೆ, ಆದ್ದರಿಂದ ಕೋನದ ಒಂದು ಮಿನಿಟಿಗೆ ಕಾಲದ ನಾಲ್ಕು ಸೆಕೆಂಡು. 1906ರ ಜನವರಿ 1ರಂದು ಜಾರಿಗೆ ಬಂದ ನಮ್ಮ ಕಾಲಮಾನ ನಿಂತಿರುವುದು ಪೂರ್ವ ರೇಖಾಂಶ 82 ಡಿಗ್ರಿ 30 ಮಿನಿಟಿನ ಮೇಲೆ. ಬೆಂಗಳೂರು ಇರುವುದು ಸುಮಾರು 77 ಡಿಗ್ರಿ 35 ಮಿನಿಟಿನಲ್ಲಿ. ನಡುವಿನ ಅಂತರ 4 ಡಿಗ್ರಿ 55 ಮಿನಿಟ್. ಇದರಲ್ಲಿ 4 ಡಿಗ್ರಿಗೆ ಕಾಲದ 16 ನಿಮಿಷ, 55 ಮಿನಿಟಿಗೆ ಕಾಲದ 3 ನಿಮಿಷ 40 ಸೆಕೆಂಡು. ಒಟ್ಟು 19 ನಿಮಿಷ 40 ಸೆಕೆಂಡು ನಮ್ಮ ಊರಿನ ಸೂರ್ಯ ಗಡಿಯಾರಕ್ಕಿಂತ ಹಿಂದೆ ಇದ್ದಾನೆ. ಈ ಮೂರು ಸಾಲಿನ ಲೆಕ್ಕದಲ್ಲಿ ಎರಡಕ್ಕೂ 'ನಿಮಿಷ' ಎಂದೇ ಬರೆದು, '55 ನಿಮಿಷಕ್ಕೆ 3 ನಿಮಿಷ 40 ಸೆಕೆಂಡು' ಎಂದು ಓದಿಸಿದರೆ, ಓದುಗರು ನಮ್ಮ ಬುದ್ಧಿಯನ್ನೇ ಅನುಮಾನಿಸುತ್ತಾರೆ.

ನಮ್ಮ ಜ್ಯೋತಿಷಿಗಳ ಬಳಿ ಇದಕ್ಕೆ ಒಳ್ಳೆಯ ಪದಗಳಿದ್ದವು. ರಾಶಿಗೆ 30 ಭಾಗ, ಭಾಗಕ್ಕೆ 60 ಕಲೆ, ಕಲೆಗೆ 60 ವಿಕಲೆ. ಇಲ್ಲಿಯ ಕಲೆ ಎಂದರೆ ಪಾಲು, ಚಂದ್ರನ ಹದಿನಾರು ಕಲೆಗಳಲ್ಲಿರುವಂತೆ. ಇಂಗ್ಲಿಷ್ ಪದಕ್ಕೂ ಇದಕ್ಕೂ ನಿಮಿಷಕ್ಕಿಂತ ಹತ್ತಿರದ ನಂಟಿದೆ. ಉತ್ಸಾಹದಲ್ಲಿ ನಾನು ಕೋಷ್ಟಕದಲ್ಲಿ '13 ಡಿಗ್ರಿ 4 ಕಲೆ 47 ವಿಕಲೆ' ಎಂದು ಹಾಕಿಸಿದೆ. ಹಿರಿಯರು ಅದನ್ನು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಲಿಕೆಗೆ ಬರುವ ರೈತ ಇದನ್ನು ಓದಿ, ಗಣಿ ಧೂಳಿನಿಂದ ನಾಲ್ಕು ಕಡೆ ಕಲೆ ಆಗುತ್ತೆ ಅಂದುಕೊಂಡಾನು" ಎಂದರು. ಅವರ ಮಾತು ಸರಿ. ಪದ ಎಷ್ಟೇ ಕುಲೀನವಾಗಿದ್ದರೂ ಓದುವವರ ಬಾಯಲ್ಲಿ ಅದಕ್ಕೆ ಬೇರೆ ಅರ್ಥ ಕುಳಿತಿದ್ದರೆ, ಕಾನೂನಿನ ಕಾಗದದಲ್ಲಿ ಅದನ್ನು ಎಬ್ಬಿಸಲು ಹೋಗಬಾರದು. ಕೊನೆಗೆ ಕೋಷ್ಟಕದಲ್ಲಿ ಗೀಟುಗಳನ್ನು ಮೂಲದಲ್ಲಿದ್ದಂತೆಯೇ ಉಳಿಸಿ, ಮೇಲಿನ ಸಾಲಿನಲ್ಲಿ ಒಂದು ಸಲ ಡಿಗ್ರಿ, ಮಿನಿಟ್, ಸೆಕೆಂಡ್ ಎಂದು ಬರೆದೆವು.

ಇಂದು ನಮ್ಮ ಪದಪಟ್ಟಿಯಲ್ಲಿ ಆ ಎಡಗಡೆಯ ಪದಕ್ಕೆ ಬಲಗಡೆ ಒಂದೇ ಉತ್ತರವಿಲ್ಲ. ಗಂಟೆಯ ಪಾಲಾದರೆ ನಿಮಿಷ, ಡಿಗ್ರಿಯ ಪಾಲಾದರೆ ಮಿನಿಟ್, ಸಭೆಯದಾದರೆ ನಡವಳಿ, ಕಡತದ ಮೇಲೆ ಅಧಿಕಾರಿ ಬರೆದದ್ದಾದರೆ ಟಿಪ್ಪಣಿ. ಔಷಧದ ಚೀಟಿಯಲ್ಲಿ ಅದೇ ಕಾಗುಣಿತದ ಪದ 'ಮೈನ್ಯೂಟ್' ಎಂಬ ಉಚ್ಚಾರಣೆಯೊಂದಿಗೆ ಬಂದಾಗ ಅತ್ಯಲ್ಪ ಎಂದು ಬರೆಯಬೇಕೆಂಬುದನ್ನೂ ಸೇರಿಸಿದ್ದೇವೆ, ಏಕೆಂದರೆ ಯಂತ್ರಾನುವಾದವೊಂದು ಅದನ್ನು 'ನಿಮಿಷ ಪ್ರಮಾಣದ ಸಕ್ಕರೆ' ಎಂದು ಮಾಡಿಕೊಟ್ಟದ್ದು ಇನ್ನೂ ನೆನಪಿದೆ. ಈ ಐದರಲ್ಲಿ ಯಾವುದನ್ನೂ ತಂತ್ರಾಂಶ ತಾನಾಗಿ ತುಂಬದಂತೆ ಬೀಗ ಹಾಕಿಸಿದ್ದೇನೆ. ಆ ಪದ ಬಂದಾಗಲೆಲ್ಲ ಸಾಲು ಹಳದಿ ಬಣ್ಣಕ್ಕೆ ತಿರುಗಿ ನಿಲ್ಲುತ್ತದೆ, ಮತ್ತು 'ಯಾವುದರ ಸಣ್ಣ ಭಾಗ?' ಎಂಬ ಪ್ರಶ್ನೆ ಪಕ್ಕದಲ್ಲಿ ಕಾಣಿಸುತ್ತದೆ. ಹೊಸದಾಗಿ ಸೇರಿದವರು ಇದರಿಂದ ಕೆಲಸ ನಿಧಾನವಾಗುತ್ತದೆ ಎಂದು ದೂರುತ್ತಾರೆ. ಅವರಿಗೆ ನನ್ನ ಮೇಜಿನ ಖಾನೆಯಲ್ಲಿರುವ ಕೆಂಪು ಶಾಯಿಯ ಪ್ರತಿಯನ್ನು ತೆಗೆದು ತೋರಿಸುತ್ತೇನೆ. ಆ ಸಂಘದ ಮರುವರ್ಷದ ನೋಟಿಸು ಕೂಡ ಅನುವಾದಕ್ಕೆ ನಮ್ಮಲ್ಲಿಗೇ ಬಂದಿತ್ತು. ಕಾರ್ಯಸೂಚಿಯ ಎರಡನೆಯ ಅಂಶವನ್ನು ನಾನೇ ಕೈಯಾರೆ ಟೈಪು ಮಾಡಿದೆ.